ಮೂವತ್ತೊಂದನೆಯ ಹೂಚಕ್ರ

“ಅದನ್ನ ಮುಟ್ಟಬೇಡಿ!”

ತಾನು ಅಷ್ಟು ಜೋರಾಗಿ ಕೂಗಿದ್ದು ಕೇಳಿ ದಾಸೊಮ್‌ಗೇ ನಾಚಿಕೆಯಾಯಿತು. ಆದರೆ ಆ ಮನುಷ್ಯ ಕೈ ತೆಗೆಯಲಿಲ್ಲ.

ನವೆಂಬರ್ ಕೊನೆಯ ಗಾಳಿ ಪಾಂಗ್ಯೊ ನಗರದ ಗಾಜಿನ ಕಟ್ಟಡಗಳ ನಡುವೆ ಶಿಳ್ಳೆ ಹೊಡೆಯುತ್ತಿತ್ತು. ಗೇಮ್ ಕಂಪನಿಯ ಮುಂದಿನ ಕಾಲುದಾರಿಯಲ್ಲಿ ಆಳೆತ್ತರದ ಹೂಚಕ್ರಗಳು ಸಾಲಾಗಿ ನಿಂತಿದ್ದವು. ಬಿಳಿ ಸೇವಂತಿಗೆ, ಕಪ್ಪು ರಿಬ್ಬನ್... ಸಾವಿನ ಮನೆಗೆ ಕಳಿಸುವಂಥವು. ಕೊನೆಯದೊಂದು ಗಾಳಿಗೆ ಮಕಾಡೆ ಬಿದ್ದಿತ್ತು. ಬೂದು ಕೋಟಿನ ಆ ಮನುಷ್ಯ ಅದನ್ನು ಎತ್ತಿ ನಿಲ್ಲಿಸಿ, ಮುದುಡಿದ ರಿಬ್ಬನ್ ಬಿಡಿಸಿ ಓದುತ್ತಿದ್ದ.

ಓದುತ್ತ ಓದುತ್ತ ಅವನ ಮುಖದ ಬಣ್ಣ ಇಳಿದುಹೋಯಿತು.

“ಇದು ಯಾರು ಕಳಿಸಿದ್ದು?” ಎಂದು ಕೇಳಿದ. ದನಿ ತೀರಾ ಮೆಲ್ಲಗಿತ್ತು.

“ನಾವೇ. ಆಟಗಾರರು. ಯಾಕೆ, ನಿಮಗೇನಾದ್ರೂ ತೊಂದರೆನಾ?”

“ಇಲ್ಲ. ಇದರಲ್ಲಿ ಬದುಕಿರೋ ಮನುಷ್ಯನ ಹೆಸರಿದೆ... ಅದಕ್ಕೆ ಕೇಳ್ದೆ.”

ದಾಸೊಮ್ ಹತ್ತಿರ ಬಂದು ರಿಬ್ಬನ್ ನೋಡಿದಳು.

‘ಪ್ಯೊ ಮೂಯೊಲ್ ಅವರ ಆತ್ಮಕ್ಕೆ ಶಾಂತಿ ಸಿಗಲಿ.’

ಹೂಚಕ್ರ ಕಳಿಸುವ ಯೋಚನೆ ಅವಳದೇ ನಿಜ. ಆದರೆ ಅವಳು ಹೇಳಿ ಬರೆಸಿದ್ದೆಲ್ಲ ‘ಬೆಳ್ಳಿ ಬಂದರು’ ಎಂಬ ಗೇಮಿನ ಹೆಸರಲ್ಲಿ. ‘ಬೆಳ್ಳಿ ಬಂದರೇ, ನೆಮ್ಮದಿಯಾಗಿ ಮಲಗು’, ‘ಒಂಬತ್ತು ವರ್ಷದ ನಂಬಿಕೆಗೆ ಕೊನೆಯ ನಮಸ್ಕಾರ’ – ಹೀಗೆ. ಮನುಷ್ಯರ ಹೆಸರು ಒಂದರಲ್ಲೂ ಇರಲಿಲ್ಲ.

ಅವಳು ತರಿಸಿದ್ದು ಮೂವತ್ತು. ಈಗ ಎಣಿಸಿದರೆ ಮೂವತ್ತೊಂದು!

“ಬೊಂಗ್ಸು ಅಣ್ಣಾ, ಇದನ್ನ ಯಾರು ತಂದಿಟ್ರು?” ಎಂದು ಕೂಗಿ ಕೇಳಿದಳು.

ಟಾಕ್ ಬೊಂಗ್ಸು ಆಚೆ ತುದಿಯಲ್ಲಿ ಹೂಚಕ್ರಗಳಿಗೆ ಹಗ್ಗ ಬಿಗಿಯುತ್ತಿದ್ದ. ನಲವತ್ತರ ಆಸುಪಾಸಿನವನು, ಬಲಗಾಲು ಎಳೆದು ನಡೆಯುವವನು. ಈ ಪ್ರತಿಭಟನೆಯಲ್ಲಿ ಮೊದಲ ದಿನದಿಂದ ಅವಳ ಬಲಗೈಯಾಗಿದ್ದವನು. ತಲೆಯೆತ್ತಿ ಬೂದು ಕೋಟಿನವನನ್ನು ಒಂದು ಕ್ಷಣ ನೋಡಿದ. ಆಮೇಲೆ ನಕ್ಕ.

“ಯಾರೋ ಅಭಿಮಾನಿ ಇರ್ಬೇಕು ತಂಗಿ. ಬಿಡು, ಹೂವು ತಾನೆ!”

ಅಪರಿಚಿತ ಆ ಹೂಚಕ್ರ ಅಲುಗದಂತೆ ಅದರ ಬುಡಕ್ಕೊಂದು ಕಲ್ಲು ಒತ್ತಿಟ್ಟ. ಬೀಳಿಸಬಹುದಿತ್ತು, ಬೀಳಿಸಲಿಲ್ಲ. ಹೋಗುವ ಮುನ್ನ ಕೋಟಿನ ಜೇಬಿನಿಂದ ಕೈ ಬೆಚ್ಚಗಾಗಿಸುವ ಶಾಖದ ಪೊಟ್ಟಣ ತೆಗೆದು ಅವಳ ಮುಂದೆ ಹಿಡಿದ.

“ನಿಮ್ಮ ಬೆರಳೆಲ್ಲ ನೀಲಿಯಾಗಿದೆ. ತಗೊಳ್ಳಿ.”

“ನೀವು ಯಾರು?”

ಅವನು ತಡವರಿಸಿದ.

“ಯುನ್... ಪಕ್ಕದ ಕಟ್ಟಡದಲ್ಲಿ ಕೆಲಸ.”

*

ದಾಸೊಮ್‌ಗೆ ಇಪ್ಪತ್ತೊಂಬತ್ತು ವರ್ಷ. ಹತ್ತಿರದ ಮೊರಾನ್‌ನ ಲ್ಯಾಬೊಂದರಲ್ಲಿ ಕೃತಕ ಹಲ್ಲು ಮಾಡುವ ಕೆಲಸ, ಮಧ್ಯಾಹ್ನದ ಪಾಳಿ. ಅಕ್ಕಿಕಾಳಿನಷ್ಟು ಏರುತಗ್ಗನ್ನೂ ಬೆರಳ ತುದಿಯಲ್ಲೇ ಗುರುತಿಸುವವಳು. ಲ್ಯಾಬಿನ ಆಚೆ ಅವಳಿಗೆ ಇನ್ನೊಂದು ಹೆಸರಿತ್ತು – ‘ಉಪ್ಪುನೀರು’. ಆಟಗಾರರ ಆನ್‌ಲೈನ್ ವೇದಿಕೆಯಲ್ಲಿ ಪ್ರತಿ ಸೋಮವಾರ ಆ ಹೆಸರಲ್ಲಿ ಬರೆಯುತ್ತಿದ್ದಳು. ವೇದಿಕೆಯನ್ನು ನೋಡಿಕೊಳ್ಳುತ್ತಿದ್ದವಳೂ ಅವಳೇ. ಅವಳ ಬರಹಕ್ಕೆ ಸಾವಿರಾರು ಜನ ಕಾಯುತ್ತಿದ್ದರು.

‘ಗೇಮ್ ಎಂದರೆ ಆಟವಾಗಿರಬೇಕು. ದಿನಾ ಹಾಜರಿ ಹಾಕಿ, ಇಪ್ಪತ್ತು ಗುಂಡಿ ಒತ್ತಿ, ಅಬ್ಬಾ ಇವತ್ತಿನದು ಮುಗಿಯಿತು ಎಂದು ನಿಟ್ಟುಸಿರು ಬಿಡುವುದಾದರೆ ಅದು ಆಟವಲ್ಲ, ಸಂಬಳವಿಲ್ಲದ ನೌಕರಿ’ ಎಂದು ಒಮ್ಮೆ ಬರೆದಿದ್ದಳು. ಆ ಸಾಲನ್ನು ಜನ ಇಂದಿಗೂ ಹಂಚಿಕೊಳ್ಳುತ್ತಿದ್ದರು.

‘ಬೆಳ್ಳಿ ಬಂದರು’ ಅವಳ ಇಪ್ಪತ್ತನೆಯ ವಯಸ್ಸಿನಿಂದ ಜೊತೆಗಿದ್ದ ಗೇಮ್. ದೋಣಿ ಕಟ್ಟುವುದು, ಮಂಜು ಕವಿದ ಸಮುದ್ರಕ್ಕೆ ಇಳಿಯುವುದು, ದಾರಿ ತಪ್ಪಿದವರನ್ನು ಕರೆತರುವುದು. ಅಷ್ಟೇ. ಹೋದ ವರ್ಷ ಅದರೊಳಕ್ಕೆ ಅದೃಷ್ಟದ ಪೆಟ್ಟಿಗೆಗಳು ಬಂದವು. ದುಡ್ಡು ಕೊಟ್ಟು ತೆರೆಯಬೇಕು, ಒಳಗೇನಿದೆಯೋ ದೇವರಿಗೇ ಗೊತ್ತು. ಪೆಟ್ಟಿಗೆ ತೆರೆಯದವರ ದೋಣಿ ಬಂದರು ದಾಟಲಾರದಂತಾಯಿತು. ಈಗ, ಹಿಂಡುವುದನ್ನೆಲ್ಲ ಹಿಂಡಿ ಆದ ಮೇಲೆ, ಡಿಸೆಂಬರ್ ಇಪ್ಪತ್ತಕ್ಕೆ ಸರ್ವರ್ ಮುಚ್ಚುವುದಾಗಿ ಕಂಪನಿ ನಾಲ್ಕು ಸಾಲಿನ ಪ್ರಕಟಣೆ ಹೊರಡಿಸಿತ್ತು. ಕೆಳಗೊಂದು ಹೆಸರು: ನಿರ್ದೇಶಕ, ಪ್ಯೊ ಮೂಯೊಲ್. ಅವನ ಮುಖ ಯಾರೂ ಕಂಡಂತಿರಲಿಲ್ಲ.

ಆ ಸೋಮವಾರ ದಾಸೊಮ್ ಕಣ್ಣೀರು ಒರೆಸಿಕೊಳ್ಳುತ್ತಲೇ ಬರೆದಿದ್ದಳು. ಕೊನೆಯ ಸಾಲು ಹೀಗಿತ್ತು:

‘ನಮ್ಮ ಬಂದರನ್ನು ಕೊಂದವನಿಗೆ ಒಂದು ಹೆಸರಿದೆ. ಪ್ಯೊ ಮೂಯೊಲ್.’

ಬರೆದು ಹಗುರಾಗಿದ್ದಳು. ಆ ಸಾಲು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವಳು ಯೋಚಿಸಿರಲಿಲ್ಲ.

*

ಮರುದಿನವೂ ಯುನ್ ಬಂದ. ಅದರ ಮರುದಿನವೂ!

ಹಿಂದಿನ ಬೀದಿಯಲ್ಲಿ ಮೊಳಕೆಕಾಳಿನ ಸೂಪು ಮತ್ತು ಅನ್ನ ಬಡಿಸುವ ಸಣ್ಣ ಹೋಟೆಲಿತ್ತು. ದಾಸೊಮ್ ಪಾಳಿಗೆ ಹೋಗುವ ಮುನ್ನ ಅಲ್ಲಿ ಊಟ ಮಾಡುತ್ತಿದ್ದಳು. ಮೂರನೆಯ ದಿನ ಅವನು ಎದುರಿನ ಕುರ್ಚಿ ಎಳೆದುಕೊಂಡ.

“ಕೂತ್ಕೋಬಹುದಾ?”

“ಆಗ್ಲೇ ಕೂತಿದ್ದೀರಲ್ಲ!”

ಹೋಟೆಲಿನ ಯಜಮಾನಿ ಎರಡು ಬಟ್ಟಲು ತಂದು ಕುಕ್ಕಿ, “ಪಾಪ, ಈ ಹುಡುಗ ನಾಲ್ಕು ವರ್ಷದಿಂದ ಒಬ್ನೇ ಉಣ್ತಿದ್ದ. ಕೊನೆಗೂ ಮಾತಾಡೋಕೆ ಜನ ಸಿಕ್ರಾ?” ಎಂದಳು.

ಅವನ ಕಿವಿ ಕೆಂಪಾಯಿತು. ದಾಸೊಮ್ ನಗು ತಡೆಯಲು ಮೂಲಂಗಿ ಕಿಮ್ಚಿ ಉಪ್ಪಿನಕಾಯಿ ಬಾಯಿಗೆ ತುರುಕಿಕೊಂಡಳು.

ಮಾತು ಗೇಮಿಗೇ ಬಂದು ನಿಲ್ಲುತ್ತಿತ್ತು. ಬೇರೆ ಎಲ್ಲಿಗೆ ಹೋದೀತು?

“ನಿಮ್ಮ ಪ್ರಕಾರ ಒಳ್ಳೇ ಗೇಮ್ ಅಂದ್ರೆ ಯಾವ್ದು?” ಎಂದು ಕೇಳಿದ ಒಂದು ದಿನ.

“ಸೋತಾಗ ನನ್ನ ಮೇಲೇ ನಂಗೆ ಸಿಟ್ಟು ಬರ್ಬೇಕು. ಛೇ, ಸ್ವಲ್ಪ ಎಡಕ್ಕೆ ತಿರುಗಿಸಿದ್ರೆ ದೋಣಿ ಉಳೀತಿತ್ತು ಅಂತ. ಅದು ಒಳ್ಳೇ ಗೇಮ್. ಪೆಟ್ಟಿಗೆ ತೆಗ್ದು ಸೋತ್ರೆ ಯಾರ ಮೇಲ್ರೀ ಸಿಟ್ಟು ಮಾಡ್ಕೊಳ್ಲಿ? ನನ್ನ ಹಣೆಬರಹದ ಮೇಲಾ?”

“ಮತ್ತೆ ಗೆದ್ದಾಗ?”

“ಗೆದ್ದಾಗ ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ಬೇಕು. ಪೆಟ್ಟಿಗೆಯಲ್ಲಿ ಏನೋ ಬಂದ್ರೆ ಜನ ಹೇಳಲ್ಲ... ಖರ್ಚು ಎಷ್ಟಾಯ್ತು ಅಂತ ಕೇಳ್ತಾರಲ್ಲ, ಅದಕ್ಕೆ.”

ಅವನು ಚಮಚ ಕೆಳಗಿಟ್ಟ.

“ಗೇಮ್ ಮಾಡೋ ಆಫೀಸುಗಳಲ್ಲಿ ಗೋಡೆ ತುಂಬ ಅಂಕಿಗಳಿರ್ತಾವೆ ಗೊತ್ತಾ? ಯಾರು ಎಷ್ಟು ಹೊತ್ತು ಆಡಿದ್ರು, ಎಲ್ಲಿ ಬಿಟ್ಟುಹೋದ್ರು, ಎಲ್ಲಾ ಅಳೀತಾರೆ. ಜನ ನಕ್ಕಿದ್ದನ್ನ ಅಳೆಯೋ ಕೋಲು ಮಾತ್ರ ಯಾರ ಹತ್ರಾನೂ ಇಲ್ಲ. ಅಳೆಯೋಕಾಗದ್ದನ್ನ ಮೀಟಿಂಗ್‌ನಲ್ಲಿ ಯಾರೂ ಕೇಳಲ್ಲ.”

“ನಿಮಗ್ಹೇಗೆ ಗೊತ್ತು ಇದೆಲ್ಲ?”

“...ಪಕ್ಕದ ಕಟ್ಟಡ ಅಲ್ವಾ. ಕೇಳಿಸುತ್ತೆ.”

ಎಂಥ ವಿಚಿತ್ರ ಮನುಷ್ಯ ಎಂದುಕೊಂಡಳು ದಾಸೊಮ್. ಆದರೆ ಬೆಳಿಗ್ಗೆ ಎದ್ದ ಕೂಡಲೇ ಮನಸ್ಸು ಹನ್ನೆರಡೂವರೆಯನ್ನು ಲೆಕ್ಕ ಹಾಕುತ್ತಿತ್ತು. ಸಾಸಿವೆ ಬಣ್ಣದ ಸ್ವೆಟರನ್ನು ಅವನು ಒಮ್ಮೆ ಚೆನ್ನಾಗಿದೆ ಎಂದಿದ್ದ. ಆ ವಾರ ಅದನ್ನೇ ಮೂರು ಸಲ ಹಾಕಿಕೊಂಡಳು. ಇದೇನಾಗ್ತಿದೆ ನಂಗೆ?

ಅವಳು ಗಮನಿಸಿದ್ದು ಇನ್ನೂ ಒಂದಿತ್ತು. ಅವನು ಯಾವಾಗಲೂ ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದ. ಹೊರಗೆ ಯಾವುದಾದರೂ ಬೈಕು ನಿಂತರೆ ಅವನ ಕೈ ಅಲ್ಲೇ ನಿಲ್ಲುತ್ತಿತ್ತು. ಕಣ್ಣ ಕೆಳಗಿನ ಕಪ್ಪು ದಿನದಿನಕ್ಕೆ ಹೆಚ್ಚುತ್ತಿತ್ತು.

*

ಅದೇ ದಿನಗಳಲ್ಲಿ ವೇದಿಕೆಯ ಮೇಲೆ ‘ದೀಪಸ್ತಂಭ’ ಎಂಬ ಹೆಸರಿನವನೊಬ್ಬ ಬರೆಯತೊಡಗಿದ.

‘ಪ್ಯೊ ಮೂಯೊಲ್ ಇವತ್ತು ಎಂಟೂ ನಲವತ್ತರ ಬಸ್ಸಿಗೆ ಬಂದ. ಕಿಟಕಿ ಪಕ್ಕ ಕೂತ.’

ಮರುದಿನ: ‘ಪ್ಯೊ ಮೂಯೊಲ್ ಇವತ್ತು ತಲೆನೋವಿನ ಮಾತ್ರೆ ಕೊಂಡ. ಎರಡು ಪಟ್ಟಿ.’

ಬೈಗುಳ ಒಂದೂ ಇರಲಿಲ್ಲ. ಅದಕ್ಕೇ ಅದನ್ನು ಓದಿದರೆ ಹೆಚ್ಚು ಭಯವಾಗುತ್ತಿತ್ತು. ಕೆಳಗೆ ನೂರಾರು ಜನ ಚಪ್ಪಾಳೆ ತಟ್ಟುತ್ತಿದ್ದರು. ‘ಶಹಬ್ಬಾಸ್ ದೀಪಸ್ತಂಭ! ಬೆಳಕು ಆರಿಸಬೇಡ!’

ದಾಸೊಮ್ ಬೊಂಗ್ಸುವಿಗೆ ತೋರಿಸಿದಳು.

“ಅಣ್ಣ, ಇದು ಅತಿಯಾಯ್ತು. ಅಳಿಸಿಬಿಡ್ಲಾ?”

“ಅಳಿಸಿದ್ರೆ ನೀನೂ ಕಂಪನಿ ಕಡೆಯವಳು ಅಂತಾರೆ ತಂಗಿ. ಬಿಡು. ಒಂದು ಬಸ್ಸಿನ ಸಮಯ ಹೇಳಿದ್ರೆ ಯಾರಾದ್ರೂ ಸಾಯ್ತಾರಾ?”

ಅವಳು ಅಳಿಸಲಿಲ್ಲ. ಓದುಗರ ಪ್ರೀತಿ ಕಳೆದುಕೊಳ್ಳುವ ಭಯ ಅವಳನ್ನು ತಡೆಯಿತು. ಇದನ್ನು ಅವಳು ಮುಂದೆ ಎಷ್ಟೋ ಸಲ ನೆನೆದು ಕೊರಗಿದಳು.

ಗುರುವಾರ ಮಧ್ಯಾಹ್ನ ಮೂರು ಗಂಟೆ. ಲ್ಯಾಬಿನಲ್ಲಿ ದಾಸೊಮ್ ಒಂದು ಕೋರೆಹಲ್ಲನ್ನು ಉಜ್ಜುತ್ತಿದ್ದಳು. ಫೋನ್ ಮಿನುಗಿತು. ದೀಪಸ್ತಂಭ ಮೊದಲ ಸಲ ಚಿತ್ರ ಹಾಕಿದ್ದ.

ಸೂಪಿನ ಬಟ್ಟಲು. ಬಾಯಿಗೆ ಚಮಚ ಒಯ್ಯುತ್ತಿರುವ ಮನುಷ್ಯ. ನಗುತ್ತಿದ್ದಾನೆ.

ಯುನ್!

‘ಪ್ಯೊ ಮೂಯೊಲ್ ಚೆನ್ನಾಗಿ ಉಣ್ಣುತ್ತಿದ್ದಾನೆ. ಅಲ್ಲಿ ನಮ್ಮ ಬಂದರು ಸಾಯುತ್ತಿದೆ.’

ಚಿತ್ರದ ಅಂಚಿನಲ್ಲಿ ಸಾಸಿವೆ ಬಣ್ಣದ ತೋಳು. ಅವಳದೇ ತೋಳು...

ಕೋರೆಹಲ್ಲು ಕೈಜಾರಿ ನೆಲಕ್ಕೆ ಬಿತ್ತು.

*

ಶುಕ್ರವಾರ ಮಧ್ಯಾಹ್ನ ತಾನ್‌ಚಾನ್ ಹೊಳೆಯ ದಂಡೆಯ ಕಾಲುದಾರಿಗೆ ಅವನೇ ಕರೆದ. ಹೊಳೆ ತೆಳುವಾಗಿ ಹರಿಯುತ್ತಿತ್ತು. ಒಣಗಿದ ಜೊಂಡು ಗಾಳಿಗೆ ಒಂದಕ್ಕೊಂದು ಉಜ್ಜುತ್ತಿತ್ತು.

“ಎಷ್ಟು ದಿನದಿಂದ ಪ್ಲಾನ್ ಮಾಡಿದ್ರಿ?” ಎಂದು ಕೇಳಿದ ಅವನು.

“ನಾನಾ? ಸುಳ್ಳು ಹೆಸರು ಹೇಳಿದ್ದು ನೀವು!”

“ಆ ಫೋಟೋದಲ್ಲಿರೋದು ನಿಮ್ಮ ತೋಳು. ನನ್ನ ಎದುರು ಕೂತು, ನಗಿಸಿ...”

“ನಾನು ತೆಗೆಸಿಲ್ಲ! ನಿಮ್ಮ ಹೆಸರೇ ನಂಗೆ ನಿನ್ನೆ ಗೊತ್ತಾಗಿದ್ದು! ನೀವು ಯಾಕೆ ಬಂದ್ರಿ ನನ್ನ ಹತ್ರ? ಹೂಚಕ್ರ ತೆಗೆಸೋಕಾ? ಒಂದು ಶಾಖದ ಪೊಟ್ಟಣ ಕೊಟ್ರೆ ಇವಳು ಬಾಯಿ ಮುಚ್ಕೋತಾಳೆ ಅಂತಾನಾ?”

ಮೂಯೊಲ್ ಅಲ್ಲವೆಂದು ತಲೆಯಲ್ಲಾಡಿಸಿದ.

“ಒಂಬತ್ತು ವರ್ಷದಿಂದ ಪ್ರತಿ ಸೋಮವಾರ ಉಪ್ಪುನೀರು ಬರೆದದ್ದನ್ನ ಓದ್ತಿದ್ದೆ. ನಮ್ಮ ಆಫೀಸಲ್ಲಿ ಯಾರೂ ಹೇಳದ ಸತ್ಯ ಅದ್ರಲ್ಲಿರ್ತಿತ್ತು. ಎರಡನೇ ದಿನ ಯಾರೋ ನಿಮ್ಮನ್ನ ಆ ಹೆಸರಿಂದ ಕರೆದ್ರು... ಆಮೇಲೆ ನಿಜ ಹೇಳೋ ಧೈರ್ಯ ಬರ್ಲಿಲ್ಲ. ಆ ಒಂದು ಗಂಟೆ ಮಾತ್ರ ನಾನು ಮನುಷ್ಯ ಅನ್ನಿಸ್ತಿತ್ತು.”

“ಪೆಟ್ಟಿಗೆ ತಂದವರು ಯಾರು ಹೇಳಿ. ಅದನ್ನಾದ್ರೂ ನಿಜ ಹೇಳಿ.”

“ನಾನೇ.” ಅವನು ತಲೆ ತಗ್ಗಿಸಲಿಲ್ಲ. “ಹಬ್ಬಕ್ಕೆ ಮಕ್ಕಳಿಗೆ ಉಡುಗೊರೆ ಥರ ಇರ್ಲಿ ಅಂತ ಮಾಡಿದ್ದೆ. ಅದಕ್ಕೆ ಬೆಲೆ ಕಟ್ಟೋಣ ಅಂದ್ರು. ಬೇಡ ಅಂದೆ, ಎರಡು ಸಲ. ಮೂರನೇ ಸಲ ಸಹಿ ಹಾಕ್ದೆ. ಯಾರ ಮೇಲೂ ಹೊರಿಸಲ್ಲ, ತಪ್ಪು ನಂದೇ. ನೀವು ಬರೆದದ್ದು ನಿಜಾನೇ.”

ಅವಳು ಜೊಂಡಿನತ್ತ ಮುಖ ತಿರುಗಿಸಿದಳು.

“ನಿನ್ನೆ ನನ್ನ ಅಮ್ಮನ ಮನೆಗೂ ಹೂಚಕ್ರ ಬಂತು ದಾಸೊಮ್. ‘ನಿಮ್ಮ ಮಗನ ಸಾವಿಗೆ ಸಂತಾಪ’ ಅಂತ ಬರೆದಿತ್ತು. ಅಮ್ಮ ಅದನ್ನ ನಿಜ ಅಂದ್ಕೊಂಡ್ರು. ನನಗೆ ಹದಿನಾಲ್ಕು ಸಲ ಫೋನ್ ಮಾಡಿದಾರೆ. ನಾನು ಮೀಟಿಂಗ್‌ನಲ್ಲಿದ್ದೆ. ಎತ್ತಲಿಲ್ಲ. ತಪ್ಪು ಮಾಡಿದೀನಿ. ಅದಕ್ಕೆ ನಾನು ಸಾಯ್ಲೇಬೇಕಾ?”

ಉತ್ತರಕ್ಕೆ ಕಾಯದೆ ಅವನು ನಡೆದುಬಿಟ್ಟ. ದಾಸೊಮ್ ಕೂಗಬೇಕೆಂದುಕೊಂಡಳು. ಆದರೆ ಯಾವ ಹೆಸರಿನಿಂದ ಕೂಗುವುದು? ಒಂದು ಹೆಸರು ಸುಳ್ಳು. ಇನ್ನೊಂದನ್ನು ಅವಳೇ ‘ಕೊಂದವನು’ ಎಂದು ಬರೆದಾಗಿತ್ತು.

ಸಂಜೆ ಐದಕ್ಕೆ ದೀಪಸ್ತಂಭ ಮತ್ತೆ ಬರೆದ.

‘ಮೊದಲ ದಿನ ತನ್ನ ಹೂವನ್ನು ತಾನೇ ಎತ್ತಿ ನಿಲ್ಲಿಸಿದವನಿಗೆ ನಾಳೆ ನನ್ನ ಕೈಯಾರೆ ಹೂವು ಕೊಡುತ್ತೇನೆ.’

ದಾಸೊಮ್ ಅದನ್ನು ಮೂರು ಸಲ ಓದಿದಳು.

ತನ್ನ ಹೂವನ್ನು ತಾನೇ ಎತ್ತಿ ನಿಲ್ಲಿಸಿದ... ಆ ಬೆಳಿಗ್ಗೆ ಆ ಗಾಳಿಯಲ್ಲಿ ಅಲ್ಲಿದ್ದದ್ದು ಮೂರೇ ಜನ. ಅವಳು, ಮೂಯೊಲ್, ಮತ್ತು...

‘ಅಯ್ಯೋ! ಬೊಂಗ್ಸು ಅಣ್ಣ!’

*

ಬೊಂಗ್ಸುವಿನ ಫೋನ್ ಸ್ವಿಚ್ ಆಫ್ ಆಗಿತ್ತು. ಮೂಯೊಲ್ ಅವಳ ಕರೆ ಬರದಂತೆ ಮಾಡಿದ್ದ. ಕಂಪನಿಗೆ ಫೋನ್ ಮಾಡಿದರೆ ಅಲ್ಲಿನ ಹುಡುಗಿ, “ಇವತ್ತು ಇಂಥ ಕರೆ ಎಷ್ಟು ಬಂದಿವೆಯೋ ಲೆಕ್ಕ ಇಲ್ಲ ಮೇಡಂ. ಬ್ಯಾಗ್ ಎಲ್ಲಾ ಚೆಕ್ ಮಾಡ್ತೀವಿ” ಎಂದಳು. ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಂಡರು, ನಾಳೆ ಒಬ್ಬರನ್ನು ಕಳಿಸುತ್ತೇವೆ ಎಂದರು. ಅವಳು ದೀಪಸ್ತಂಭನ ಬರಹಗಳನ್ನೆಲ್ಲ ವೇದಿಕೆಯಿಂದ ಅಳಿಸಿದಳು. ಹತ್ತೇ ನಿಮಿಷದಲ್ಲಿ ಅವು ಬೇರೆ ಕಡೆ ಕಾಣಿಸಿಕೊಂಡವು.

ಶನಿವಾರ ಮಧ್ಯಾಹ್ನ ಎರಡಕ್ಕೆ ಕಂಪನಿಯ ಸಭಾಂಗಣದಲ್ಲಿ ಆಟಗಾರರ ಸಭೆ. ಚೀಟಿ ಎತ್ತಿ ಆರಿಸಿದ ನೂರು ಮಂದಿ ಮಾತ್ರ. ಆಟಗಾರರ ಪರವಾಗಿ ದಾಸೊಮ್‌ಗೆ ಮುಂದಿನ ಸಾಲಿನ ಕುರ್ಚಿ. ಬಾಗಿಲಲ್ಲಿ ಬ್ಯಾಗುಗಳನ್ನು ತಡಕುತ್ತಿದ್ದರು. ಹಿಂಬದಿಯ ಗೋಡೆಗೆ ಒಬ್ಬ ಪೊಲೀಸ್ ಒರಗಿ ನಿಂತಿದ್ದ. ಅವಳು ಕತ್ತು ಉದ್ದ ಮಾಡಿ ಸಾಲುಸಾಲಾಗಿ ಹುಡುಕಿದಳು. ಬೊಂಗ್ಸು ಇರಲಿಲ್ಲ.

ಮೂಯೊಲ್ ವೇದಿಕೆಗೆ ಬಂದ. ಗುಸುಗುಸು ನಿಂತುಹೋಯಿತು. ಸೊಂಟ ಮುರಿದಂತೆ ಬಾಗಿ, ಬಹಳ ಹೊತ್ತು ಬಾಗಿಯೇ ನಿಂತ.

“ನಾನು ಪ್ಯೊ ಮೂಯೊಲ್” ಎಂದ.

ಆಗ ಪಕ್ಕದ ಸಣ್ಣ ಬಾಗಿಲು ತೆರೆಯಿತು.

ಬೊಂಗ್ಸು! ಎದೆಗೆ ಕಾರ್ಯಕರ್ತನ ಬಿಲ್ಲೆ, ತೋಳಲ್ಲಿ ಬಿಳಿ ಸೇವಂತಿಗೆಯ ದೊಡ್ಡ ಗುಚ್ಛ. ಆಟಗಾರರ ಕೊಡುಗೆ ಎಂದು ಹೇಳಿ ಒಳಬಾಗಿಲಿನಿಂದ ಬಂದಿದ್ದ. ಕಾಲೆಳೆಯುತ್ತ, ಅವಸರವಿಲ್ಲದೆ, ವೇದಿಕೆಯ ಮೆಟ್ಟಿಲಿನ ಕಡೆ ನಡೆದ. ಹೂ ಕೊಡಲು ಬಂದವನನ್ನು ಯಾರು ತಡೆಯುತ್ತಾರೆ? ಕೆಲವರು ಚಪ್ಪಾಳೆಯನ್ನೂ ತಟ್ಟಿದರು.

ದಾಸೊಮ್ ಓಡಿಹೋಗಿ ಮೆಟ್ಟಿಲಿಗೆ ಅಡ್ಡ ನಿಂತಳು.

“ಅಣ್ಣ, ಆ ಹೂವು ನಂಗೆ ಕೊಡಿ.”

“ಪಕ್ಕಕ್ಕೆ ಸರಿ ತಂಗಿ.”

“ಕೊಡಿ ಅಣ್ಣ...”

“ನೀನೇ ತಾನೆ ಬರೆದದ್ದು?” ಬೊಂಗ್ಸುವಿನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಅದಕ್ಕಿಂತ ಭಯಂಕರವಾದ ಒಂದು ಶಾಂತಿ ಇತ್ತು. “ಕೊಂದವನು ಇವನೇ ಅಂತ ಬರೆದವಳು ನೀನು. ಓದಿ ಅತ್ತಿದ್ದೀನಿ ನಾನು. ಈಗ ಅಡ್ಡ ಬರ್ತೀಯಾ?”

“ಹೌದು, ನಾನೇ ಬರ್ದೆ!” ಅವಳು ಇಡೀ ಸಭೆಗೆ ಕೇಳುವಂತೆ ಕೂಗಿದಳು. “ಉಪ್ಪುನೀರು ನಾನೇ! ಗೇಮ್ ಹಾಳಾಯ್ತು ಅಂತ ಬರೆದದ್ದು ಸರಿ. ಒಬ್ಬ ಮನುಷ್ಯನ್ನ ಕೊಲೆಗಾರ ಅಂತ ಬರೆದದ್ದು ತಪ್ಪು. ನನ್ನ ತಪ್ಪು. ಅದಕ್ಕೋಸ್ಕರ ನಿಮ್ಮ ಕೈಲಿ ಕೊಲೆ ಮಾಡಿಸಲ್ಲ!”

ಎರಡೂ ಕೈಯಿಂದ ಗುಚ್ಛವನ್ನು ಬಾಚಿ ಹಿಡಿದಳು.

ಹೂವಿನೊಳಗೆ ಏನೋ ಗಟ್ಟಿಯಾದದ್ದು ಸಿಕ್ಕಿತು. ಬೊಂಗ್ಸು ಎಳೆದ. ಅವಳು ಬಿಡಲಿಲ್ಲ. ಬಲ ಅಂಗೈಯಲ್ಲಿ ಬೆಂಕಿ ತಗುಲಿದಂತಾಯಿತು... ಬಿಳಿ ಸೇವಂತಿಗೆ ನೋಡನೋಡುತ್ತಿದ್ದಂತೆ ಕೆಂಪಾಯಿತು. ರಟ್ಟಿನ ಡಬ್ಬಿ ಕತ್ತರಿಸುವ ಚಾಕು ಠಣ್ಣನೆ ಮೆಟ್ಟಿಲ ಮೇಲೆ ಬಿತ್ತು.

ಸಭೆಯಲ್ಲಿ ಯಾರೋ ಕಿರುಚಿದರು.

ಬೊಂಗ್ಸು ಅವಳ ಕೈ ನೋಡಿದ. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ.

“ತಂಗಿ... ನಿನಗಲ್ಲ... ನಿನಗಲ್ಲ ತಂಗಿ...” ಮಗುವಿನಂತೆ ಬಿಕ್ಕತೊಡಗಿದ. “ಆ ಗೇಮಲ್ಲಿ ನಲವತ್ತು ಜನ ನನ್ನನ್ನ ಕ್ಯಾಪ್ಟನ್ ಅಂತಾರೆ. ಕಾಲು ಹೋದ ಮೇಲೂ ಅಂತಾರೆ. ಹೊರಗೆ ನನ್ನ ಹೆಸರು ಯಾರಿಗೆ ಗೊತ್ತು ಹೇಳು? ಈ ಕಟ್ಟಡಕ್ಕೆ ಮೂರು ವರ್ಷ ರಾತ್ರಿ ಊಟ ಹೊತ್ತು ತಂದೆ. ಚೀಟಿ ಮೇಲೆ ಇವನ ಹೆಸರು ಓದಿ ಓದಿ ನಂಗೆ ಬಾಯಿಪಾಠ. ಬಾಗಿಲ ಸಂದಿಯಲ್ಲಿ ಮುಖಾನೂ ನೋಡಿದೀನಿ. ಇವನು ನನ್ನ ಹೆಸರು ಕೇಳಿದ್ನಾ?”

ಪೊಲೀಸ್ ಓಡಿಬಂದು ಅವನ ತೋಳು ಹಿಡಿದ. ಮೂಯೊಲ್ ವೇದಿಕೆಯಿಂದ ಇಳಿದು ಬಂದಿದ್ದ. ತನ್ನ ಟೈ ಬಿಚ್ಚಿ ದಾಸೊಮ್‌ಳ ಅಂಗೈಗೆ ಬಿಗಿಯುತ್ತಿದ್ದ.

“ಇಲ್ಲ, ಕೇಳಲಿಲ್ಲ” ಎಂದ ಬೊಂಗ್ಸುವಿನತ್ತ ತಿರುಗಿ. “ಕೇಳಬೇಕಿತ್ತು. ಬಾಗಿಲಲ್ಲಿ ಇಟ್ಟು ಹೋಗಿ ಅಂತಿದ್ದೆ.”

*

ಹನ್ನೊಂದು ಹೊಲಿಗೆ ಬಿದ್ದವು. ಎರಡು ಬೆರಳ ತುದಿಯಲ್ಲಿ ಸ್ಪರ್ಶವೇ ಇರಲಿಲ್ಲ. ಬರಬಹುದು, ಬರದೇ ಇರಬಹುದು ಎಂದರು ಡಾಕ್ಟರು. ಹಲ್ಲು ಮಾಡುವವಳಿಗೆ ಆ ಎರಡು ಬೆರಳೇ ಕಣ್ಣು.

ಆಸ್ಪತ್ರೆಯ ಓಣಿಯಲ್ಲಿ ಮೂಯೊಲ್ ನಿಂತಿದ್ದ.

“ಫೋಟೋ ತೆಗೆದದ್ದು ನೀವು ಅಂದ್ಕೊಂಡೆ. ಕ್ಷಮಿಸಿ.”

“ನೀವು ನನ್ನ ಬಾಯಿ ಮುಚ್ಚಿಸೋಕೆ ಬಂದ್ರಿ ಅಂದ್ಕೊಂಡೆ. ನೀವೂ ಕ್ಷಮಿಸಿ.”

“ದಾಸೊಮ್... ನನ್ನ ಹತ್ರ ಇದ್ದವರಿಗೆಲ್ಲ ಅಪಾಯ. ಅಮ್ಮನ್ನ ಊರಿಗೆ ಕರ್ಕೊಂಡು ಹೋಗ್ತೀನಿ. ನೀವು ನನ್ನ ಮರೆತುಬಿಡಿ.”

ಅವಳು ಏನಾದರೂ ಹೇಳುವಷ್ಟರಲ್ಲಿ ನರ್ಸ್ ಅವಳ ಹೆಸರು ಕೂಗಿದಳು. ತಿರುಗಿ ನೋಡಿದಾಗ ಓಣಿ ಖಾಲಿ.

ಸೋಮವಾರ ಉಪ್ಪುನೀರು ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿ ಕೊನೆಯ ಬರಹ ಬರೆದಳು.

‘ಆಟಗಾರರಿಗೆ ಸಿಟ್ಟಾಗುವ ಹಕ್ಕಿದೆ. ಕಂಪನಿಗಳು ನಮ್ಮನ್ನು ಅಂಕಿಗಳಾಗಿ ನೋಡುತ್ತವೆ, ಅದು ನಿಜ. ಆದರೆ ನಾವೂ ಒಬ್ಬ ಮನುಷ್ಯನನ್ನು ಬರೀ ಹೆಸರಾಗಿ ಮಾಡಿ, ಆ ಹೆಸರಿಗೆ ಕಲ್ಲು ಹೊಡೆದೆವು. ಮೊದಲ ಕಲ್ಲು ನನ್ನದು.’

ನಿನ್ನೆಯವರೆಗೆ ಅವಳನ್ನು ಹೊತ್ತು ಮೆರೆಸಿದ ವೇದಿಕೆ ಒಂದೇ ಗಂಟೆಯಲ್ಲಿ ತಿರುಗಿಬಿತ್ತು. ದ್ರೋಹಿ ಎಂದರು. ಕಂಪನಿಯವನ ಪ್ರೇಯಸಿ ಎಂದರು. ಲ್ಯಾಬಿಗೆ ಫೋನ್ ಬರತೊಡಗಿತು. ಎತ್ತಿದರೆ ಉಸಿರಾಟ ಮಾತ್ರ. ಯಾರೋ ಅವಳ ಮನೆಯ ಬಾಗಿಲಿನ ಚಿತ್ರ ಹಾಕಿದರು. ಬೊಂಗ್ಸು ಜೈಲಿನಲ್ಲಿದ್ದ. ಆದರೆ ದೀಪಸ್ತಂಭ ಎಂಬ ಹೆಸರಿನಲ್ಲಿ ಈಗ ಇನ್ಯಾರೋ ಬರೆಯುತ್ತಿದ್ದರು.

ಹೀಗೇ ಎರಡು ವಾರ ಕಳೆಯಿತು. ಮೂಯೊಲ್‌ನಿಂದ ಒಂದು ಮಾತೂ ಬರಲಿಲ್ಲ. ಅವನು ಕೆಲಸ ಬಿಟ್ಟ ಸುದ್ದಿ ಮಾತ್ರ ಬಂತು.

*

ಡಿಸೆಂಬರ್ ಇಪ್ಪತ್ತು. ಬೆಳಿಗ್ಗೆ ಹನ್ನೊಂದಕ್ಕೆ ಬೆಳ್ಳಿ ಬಂದರು ಮುಚ್ಚುವುದಿತ್ತು.

ಒಬ್ಬಳೇ ಮನೆಯಲ್ಲಿರಲು ಭಯವಾಗಿ, ಲ್ಯಾಬಿನ ಯಜಮಾನರಿಗೆ ಮಾತ್ರ ಹೇಳಿ, ದಾಸೊಮ್ ಮೊರಾನ್ ನಿಲ್ದಾಣದ ಬಳಿಯ ಗೇಮ್ ಸೆಂಟರಿಗೆ ಬಂದಳು. ಮೂಲೆಯ ಕಂಪ್ಯೂಟರಿನ ಮುಂದೆ ಟೋಪಿ ಕೆಳಗೆಳೆದು ಕೂತಳು. ಪರದೆಯ ಮೇಲೆ ಬಂದರು ತುಂಬ ದೋಣಿಗಳು. ಎಲ್ಲರೂ ಕೊನೆಯ ಸಲ ಬಂದಿದ್ದರು. ನಲವತ್ತು ದೋಣಿಗಳ ಒಂದು ಗುಂಪು ಕ್ಯಾಪ್ಟನ್ ಇಲ್ಲದೆ ದಡದಲ್ಲೇ ಸುಮ್ಮನೆ ನಿಂತಿತ್ತು. ಅದನ್ನು ನೋಡಿ ಅವಳಿಗೆ ದುಃಖ ಉಕ್ಕಿತು.

ಎಡಗೈಯೊಂದರಲ್ಲಿ ದೋಣಿ ನಡೆಸಲು ಆಗುತ್ತಿರಲಿಲ್ಲ. ಅದು ನಿಂತಲ್ಲೇ ಸುತ್ತುತ್ತಿತ್ತು.

“ಚುಕ್ಕಾಣಿ ನಾನು ಹಿಡೀಲಾ?”

ಅವಳು ತಿರುಗಿ ನೋಡಿದಳು.

ಮೂಯೊಲ್! ಗಡ್ಡ ಬಿಟ್ಟಿದ್ದ, ಸೊರಗಿದ್ದ. ಪಕ್ಕದ ಕುರ್ಚಿಯಲ್ಲಿ ಕೂತು, ಉತ್ತರಕ್ಕೆ ಕಾಯದೆಯೇ ಮೌಸಿನ ಮೇಲೆ ಕೈ ಇಟ್ಟ. ಹಾಯಿಯ ಗುಂಡಿಗಳು ಅವಳ ಎಡಗೈಗೆ. ದೋಣಿ ಮೆಲ್ಲಗೆ ಬಂದರು ಬಿಟ್ಟು ಮಂಜಿನೊಳಕ್ಕೆ ಇಳಿಯಿತು.

“ನಾನಿಲ್ಲಿದ್ದೀನಿ ಅಂತ ಹೇಗೆ ಗೊತ್ತಾಯ್ತು?”

“ನಿಮ್ಮ ಲ್ಯಾಬಿಗೆ ಹೋದೆ. ನಿಮ್ಮ ಯಜಮಾನ್ರು ಮೊದಲು ಪೊರಕೆ ಹಿಡ್ಕೊಂಡು ಬಂದ್ರು. ಆಮೇಲೆ ಇಲ್ಲಿನ ವಿಳಾಸ ಹೇಳಿದ್ರು.”

ಅವಳಿಗೆ ನಗು ಬಂತು, ಅಳುವೂ ಬಂತು.

“ಮರೆತುಬಿಡಿ ಅಂದಿದ್ರಲ್ಲ?”

“ಅಂದಿದ್ದೆ. ನಂಗೇ ಆಗ್ಲಿಲ್ಲ.” ಅವನು ಪರದೆಯನ್ನೇ ನೋಡುತ್ತಿದ್ದ. “ನಿಮ್ಮ ಬಾಗಿಲಿನ ಚಿತ್ರ ನೋಡಿದ ದಿನ ನಿದ್ದೆ ಬರ್ಲಿಲ್ಲ. ನನ್ನಿಂದ ದೂರ ಇದ್ರೆ ನೀವು ಕ್ಷೇಮ ಅಂದ್ಕೊಂಡಿದ್ದೆ. ಸುಳ್ಳು. ನಾನು ಹೆದರಿ ಓಡಿದ್ದೆ, ಅಷ್ಟೇ. ಅಮ್ಮನಿಗೆ ಎಲ್ಲಾ ಹೇಳ್ದೆ. ‘ಅವಳ ಕೈ ಕುಯ್ದಿದೆ, ನೀನಿಲ್ಲಿ ಕೂತು ಆಲೂಗಡ್ಡೆ ಸುಲೀತಿದ್ದೀಯಾ, ಎದ್ದು ಹೋಗು’ ಅಂತ ಬೈದ್ರು.”

ಮೇಜಿನ ಮೇಲೆ ಅವಳ ಫೋನ್ ಗುರ್ರೆಂದಿತು. ಮತ್ತೆ ಯಾರದೋ ಬೈಗುಳ. ಅವಳು ಬೆಚ್ಚಿದಳು. ಅವನು ಅದನ್ನು ಮಗುಚಿ ಇಟ್ಟ.

“ಇದು ನಿಲ್ಲಲ್ಲ ರೀ” ಎಂದಳು ದಾಸೊಮ್. “ನಾಳೆನೂ ಬೈತಾರೆ. ನಾವಿಬ್ರೂ ಜೊತೆಗಿದ್ರೆ ಇನ್ನೂ ಜಾಸ್ತಿ.”

“ಗೊತ್ತು. ನಂಗೂ ಭಯ ಇದೆ. ಆದ್ರೆ ಒಬ್ಬೊಬ್ರೇ ಹೆದ್ರಿಕೊಂಡು ಕೂರೋದು ಬೇಡ.”

ಹನ್ನೊಂದು ಹೊಡೆಯಿತು. ಸಮುದ್ರ ಇದ್ದಲ್ಲೇ ಹೆಪ್ಪುಗಟ್ಟಿದಂತೆ ನಿಂತಿತು. ಆಮೇಲೆ ಪರದೆ ಕಪ್ಪಾಯಿತು. ಸೆಂಟರಿನ ಬೇರೆ ಮೂಲೆಗಳಲ್ಲಿ ಯಾರ್ಯಾರೋ ಮೂಗು ಸೀಟಿಕೊಂಡ ಸದ್ದು.

ಮೂಯೊಲ್ ಮೌಸಿನಿಂದ ಕೈ ತೆಗೆದು ಅವಳ ಕಡೆ ತಿರುಗಿದ.

“ನಾನು ನಿಮ್ಮನ್ನ ಪ್ರೀತಿಸ್ತೀನಿ ದಾಸೊಮ್” ಎಂದ ಅವನು ಕೊನೆಗೆ. “ಗೇಮ್ ಬಿಟ್ಟು ಬೇರೆ ಕೆಲಸ ನಂಗೆ ಗೊತ್ತಿಲ್ಲ. ಇನ್ನೊಂದು ಮಾಡ್ತೀನಿ. ಚಿಕ್ಕದು. ಪೆಟ್ಟಿಗೆ ಇಲ್ಲದ್ದು.”

“ಚೆನ್ನಾಗಿಲ್ಲದಿದ್ರೆ ಚೆನ್ನಾಗಿಲ್ಲ ಅಂತಲೇ ಬರೀತೀನಿ.”

“ಗೇಮಿನ ಬಗ್ಗೆ ತಾನೆ?”

“ಗೇಮಿನ ಬಗ್ಗೆ ಮಾತ್ರ.” ಅವಳ ಕಣ್ಣು ತುಂಬಿ ಬಂತು. “ಅದನ್ನ ಮಾಡಿದವರ ಬಗ್ಗೆ ಬರೆಯಲ್ಲ. ಅವರನ್ನ... ಅವರನ್ನ ನಾನು ಬೇರೆ ಥರ ನೋಡ್ಕೋತೀನಿ.”

ಮೂಯೊಲ್ ಅವಳ ಬಲಗೈಯನ್ನು ಮೆಲ್ಲಗೆ ತನ್ನೆರಡು ಕೈಯೊಳಗೆ ತೆಗೆದುಕೊಂಡ. ಗಾಯದ ಗೆರೆ ಇನ್ನೂ ಕೆಂಪಗಿತ್ತು.

“ನೋವಾಗ್ತಿದೆಯಾ?”

“ಹ್ಞೂಂ.”

“ಬಿಟ್ಬಿಡ್ಲಾ?”

ದಾಸೊಮ್ ಇಲ್ಲವೆಂದು ತಲೆಯಾಡಿಸಿದಳು. ಅಷ್ಟು ದಿನದ ‘ನೀವು’ ಅವಳ ನಾಲಿಗೆಯಿಂದ ತಾನಾಗಿ ಜಾರಿಹೋಯಿತು.

“ಬೇಡ... ಬಿಡ್ಬೇ‌ಡ ಕಣೋ.”